ಬಸ್ಸಿನಲ್ಲಿ ಸಿಕ್ಕ ಅವ್ವನ ಗೆಳತಿ: ಕಾಕತಾಳೀಯದ ಲೆಕ್ಕ, ಕಾಕತಾಳೀಯದ ಅರ್ಥ

ಅವ್ವನ ವರ್ಷದ ತಿಥಿಗೆ ಎರಡು ದಿನ ಇತ್ತು. ನಾನು ಕೊಪ್ಪಳದಿಂದ ಕಾರಟಗಿ ಕಡೆ ಹೊರಟಿದ್ದೆ. ಅಲ್ಲೇ ಹತ್ತಿರದ ಒಂದು ಹಳ್ಳಿ ಅವ್ವನ ತವರು. ಅವಳದೇ ಇಳಕಲ್ ಸೀರೆ ಉಟ್ಟಿದ್ದೆ. ಗಂಗಾವತಿಯಲ್ಲಿ ಬಸ್ಸು ಬದಲಿಸಿ ಕೂತಾಗ ವಯಸ್ಸಾದ ಒಬ್ಬ ಹೆಂಗಸು ಪಕ್ಕಕ್ಕೆ ಬಂದು ಕೂತರು. ಸ್ವಲ್ಪ ಹೊತ್ತು ಸೀರೆಯನ್ನೇ ನೋಡಿದರು. ಆಮೇಲೆ ಸೆರಗು ಮುಟ್ಟಿ, "ಇಂಥ ಸೀರಿ ಈಗ ಸಿಗಂಗಿಲ್ಲವ್ವ. ಯಾವೂರು ನಿಂದು?" ಅಂದರು.

ಊರು ಹೇಳಿದೆ. "ಗಂಡನ ಮನಿ ಹೌದು, ತವರು ಯಾವೂರು?" ಅದನ್ನೂ ಹೇಳಿದೆ. "ನಿಮ್ಮವ್ವನ ತವರು?" ಹೇಳಿದೆ. "ಯಾರ ಮಗಳು ನಿಮ್ಮವ್ವ?" ಅಜ್ಜನ ಹೆಸರು ಹೇಳಿದ ಮೇಲೆ ಅವರು ಮಾತು ನಿಲ್ಲಿಸಿದರು. ನನ್ನ ಮುಖವನ್ನೇ ನೋಡಿ, "ಅಕಿ ನನ್ನ ಗೆಳತಿ. ನಾವಿಬ್ರೂ ಒಂದಾ ಸಾಲಿಗೆ ಹೋಗಿದ್ವಿ" ಅಂದರು. ಅವ್ವ ತೀರಿಕೊಂಡ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ನಾನೇ ಹೇಳಬೇಕಾಯಿತು.

ಅಷ್ಟರಲ್ಲಿ ಕಂಡಕ್ಟರ್ ಬಂದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಬಸ್ಸು ಹತ್ತುವಾಗ ಆಧಾರ್ ಕಾರ್ಡ್ ಇದ್ದೇ ಇರುತ್ತದೆ. ಅವರು ಕಣ್ಣೊರೆಸಿಕೊಳ್ಳುತ್ತಾ ಕಾರ್ಡನ್ನು ನನ್ನ ಕೈಗೆ ಕೊಟ್ಟರು, ತೋರಿಸು ಅಂತ. ಸುಮ್ನೆ ಅದರ ಮೇಲೆ ಕಣ್ಣಾಡಿಸಿದೆ. ಹುಟ್ಟಿದ ದಿನಾಂಕ 1956ರ ಜೂನ್ 1. ನನ್ನ ಮೈ ಜುಂ ಅಂದಿತು. ಅವ್ವನ ಕಾರ್ಡಿನಲ್ಲೂ ಅದೇ ದಿನಾಂಕ, ಅದೇ ವರ್ಷ.

ಊರಿಗೆ ಹೋಗಿ ಹೇಳಿದಾಗ ಸೋದರಮಾವ ಒಂದೇ ಮಾತು ಹೇಳಿದರು: "ನಿಮ್ಮವ್ವನಾ ಕಳಿಸ್ಯಾಳ ಬಿಡು."

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಪ್ರತಿ ವರ್ಷ ಹತ್ತನೇ ತರಗತಿಗೆ ಸಂಭವನೀಯತೆ ಪಾಠ ಮಾಡುತ್ತೇನೆ. ಮಾವನ ಮಾತು ಕೇಳಿ ಕಣ್ಣು ತುಂಬಿದ್ದೂ ನಿಜ. ಅದೇ ರಾತ್ರಿ ಅಂಗಳದಲ್ಲಿ ಮಲಗಿ ಲೆಕ್ಕ ಹಾಕಿದ್ದೂ ನಿಜ. ಆ ಲೆಕ್ಕ ಏನು, ಅದು ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಕಾಗೆ ಮತ್ತು ಕೊಂಬೆ

ಇದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ: ಕಾಕತಾಳೀಯ. ಕಾಗೆ ಬಂದು ತಾಳೆಮರದ ಮೇಲೆ ಕೂತಿತು, ಅದೇ ಹೊತ್ತಿಗೆ ಹಣ್ಣು ಬಿತ್ತು. ಆಡುಮಾತಿನಲ್ಲಿ ಇನ್ನೂ ಚೆನ್ನಾಗಿದೆ: ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು. ಕೊಂಬೆ ಮೊದಲೇ ಒಣಗಿತ್ತು. ಇವತ್ತೋ ನಾಳೆಯೋ ಮುರಿಯುವುದೇ ಇತ್ತು. ಕಾಗೆಯ ಭಾರಕ್ಕೆ ಮುರಿಯಲಿಲ್ಲ. ಆದರೆ ನೋಡಿದವರ ಕಣ್ಣಿಗೆ ಎರಡೂ ಒಂದಕ್ಕೊಂದು ಅಂಟಿಕೊಂಡುಬಿಟ್ಟವು.

ಪರ್ಸಿ ಡಯಾಕೊನಿಸ್ ಮತ್ತು ಫ್ರೆಡ್ರಿಕ್ ಮೋಸ್ಟೆಲರ್ ಅಮೆರಿಕದ ಇಬ್ಬರು ಸಂಖ್ಯಾಶಾಸ್ತ್ರಜ್ಞರು. ಅವರು 1989ರಲ್ಲಿ ಇದರ ಬಗ್ಗೆ ಒಂದು ಹೆಸರಾಂತ ಲೇಖನ ಬರೆದರು. ಅವರ ಮಾತಿನ ತಿರುಳು ಹೀಗಿದೆ: ಎರಡು ಸಂಗತಿಗಳು ಅಚ್ಚರಿ ಆಗುವ ಹಾಗೆ ಒಟ್ಟಿಗೆ ನಡೆಯಬೇಕು, ಅವುಗಳ ನಡುವೆ ಏನೋ ಅರ್ಥದ ನಂಟಿದೆ ಅನ್ನಿಸಬೇಕು, ಆದರೆ ಒಂದರಿಂದ ಇನ್ನೊಂದು ಆಯಿತು ಅನ್ನಲು ಕಾರಣ ಕಾಣಬಾರದು. ಆಗ ಅದು ಕಾಕತಾಳೀಯ. ಇದರಲ್ಲಿ 'ಅನ್ನಿಸಬೇಕು' ಅನ್ನುವ ಮಾತನ್ನು ಗಮನಿಸಿ. ನೋಡುವ ಮನಸ್ಸು ಇಲ್ಲದಿದ್ದರೆ ಕಾಕತಾಳೀಯವೇ ಇಲ್ಲ. ಕಾಗೆ ಇರುತ್ತದೆ, ಕೊಂಬೆ ಇರುತ್ತದೆ, ಅಷ್ಟೇ.

ಈ ಮನಸ್ಸು ಎಂಥದ್ದು ಅಂದರೆ ಅದಕ್ಕೆ ಸುಮ್ಮನೆ ನೋಡಲು ಬರುವುದಿಲ್ಲ. ಬಳ್ಳಾರಿಯ ಕುಂಬಾರ ಗುಡ್ಡವನ್ನು ಒಂದು ಕಡೆಯಿಂದ ನೋಡಿದರೆ ಮನುಷ್ಯನ ಮುಖದ ಹಾಗೆ ಕಾಣುತ್ತದೆ. ಒಮ್ಮೆ ಮುಖ ಕಂಡ ಮೇಲೆ ಮತ್ತೆ ಬರೀ ಗುಡ್ಡವಾಗಿ ನೋಡುವುದು ಕಷ್ಟ. ಹುಳು ಮರ ಕೊರೆದ ಗುರುತು ಅಕ್ಷರದ ಹಾಗೆ ಕಂಡರೆ ಅದಕ್ಕೆ ಘುಣಾಕ್ಷರ ನ್ಯಾಯ ಅಂತ ನಮ್ಮ ಹಿಂದಿನವರೇ ಹೆಸರಿಟ್ಟಿದ್ದಾರೆ. ಹುಳುವಿಗೆ ಅಕ್ಷರ ಗೊತ್ತಿಲ್ಲ. ಓದುವವನಿಗೆ ಗೊತ್ತಿದೆ. ಇದನ್ನು ಮನಸ್ಸಿನ ಹುಳುಕು ಅಂತ ನಾನು ಹೇಳಲಾರೆ. ಮೋಡದ ಬಣ್ಣಕ್ಕೂ ಮಳೆಗೂ, ಎಲೆಯ ಚುಕ್ಕೆಗೂ ಬೆಳೆಯ ರೋಗಕ್ಕೂ ನಂಟು ಹಿಡಿದದ್ದು ಇದೇ ಮನಸ್ಸು. ನಂಟು ಹುಡುಕುವ ಚಟ ಇರದಿದ್ದರೆ ಒಕ್ಕಲುತನವೇ ಇರುತ್ತಿರಲಿಲ್ಲ.

ಬಸ್ಸಿನಲ್ಲಿ ನಡೆದದ್ದು ಹುಡುಕಾಟ

ಈಗ ನನ್ನ ಬಸ್ಸಿಗೆ ಬರೋಣ. ಆ ತಾಯಿ ನನಗೆ ಎಷ್ಟು ಪ್ರಶ್ನೆ ಕೇಳಿದರು ನೋಡಿ. ನನ್ನೂರು, ತವರು, ಅವ್ವನ ತವರು, ಅಜ್ಜನ ಹೆಸರು. ಅಲ್ಲೂ ನಂಟು ಸಿಗದಿದ್ದರೆ "ಬೀಗರು ಯಾವೂರವರು?" ಅಂತ ಕೇಳುತ್ತಿದ್ದರು. ಅದೂ ಆಗದಿದ್ದರೆ ಹುಲಿಗೆಮ್ಮನ ಜಾತ್ರೆ, ಗವಿಮಠದ ಜಾತ್ರೆ, ಯಾವುದಾದರೂ ಒಂದು ಕ್ಯಾಂಪಿನಲ್ಲಿ ಭತ್ತ ನಾಟಿ ಮಾಡಿದ್ದು. ನಮ್ಮ ಕಡೆ ಬಸ್ಸಿನ ಮಾತು ಅಂದರೆ ಇದೇ. ಎಳೆ ಸಿಗುವವರೆಗೆ ಬಿಡುವುದಿಲ್ಲ. ಹೀಗೆ ಹತ್ತಾರು ಬಾಗಿಲು ತಟ್ಟಿದರೆ ಒಂದಾದರೂ ತೆರೆಯುತ್ತದೆ. ತೆರೆದ ಬಾಗಿಲು ನೆನಪಿರುತ್ತದೆ. ತಟ್ಟಿದ ಉಳಿದ ಬಾಗಿಲುಗಳು ಮರೆತುಹೋಗುತ್ತವೆ.

ಇದನ್ನು ಮಕ್ಕಳಿಗೆ ನಾನು ಹುಟ್ಟಿದ ದಿನದ ಲೆಕ್ಕದಿಂದ ಹೇಳಿಕೊಡುತ್ತೇನೆ. ಒಂದು ಕೋಣೆಯಲ್ಲಿ ಎಷ್ಟು ಜನ ಇದ್ದರೆ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು? ಮಕ್ಕಳು 180 ಅನ್ನುತ್ತಾರೆ, 200 ಅನ್ನುತ್ತಾರೆ. ಉತ್ತರ ಬರೀ 23. ಜನ 50 ಆದರೆ ಸಾಧ್ಯತೆ 100ಕ್ಕೆ 97.

ಯಾಕೆ ಹೀಗೆ? ನಾವು ತಲೆ ಎಣಿಸುತ್ತೇವೆ, ಎಣಿಸಬೇಕಾದ್ದು ಜೋಡಿ. ಮೊದಲನೆಯವನು ಉಳಿದ 22 ಜನರ ಜೊತೆ ಜೋಡಿ ಆಗುತ್ತಾನೆ. ಎರಡನೆಯವನು 21 ಜನರ ಜೊತೆ. ಹೀಗೆ ಕೂಡಿಸುತ್ತಾ ಹೋದರೆ 23 ಜನರಲ್ಲಿ 253 ಜೋಡಿ ಆಗುತ್ತವೆ. ಒಂದೊಂದು ಜೋಡಿಯೂ ಒಂದೊಂದು ಅವಕಾಶ. ಅದೇ 'ನನ್ನ' ಹುಟ್ಟಿದ ದಿನವೇ ಇರುವವರು ಬೇಕು ಅಂದರೆ ಕತೆ ಬೇರೆ. ಆಗ ಅರ್ಧದಷ್ಟು ಸಾಧ್ಯತೆಗೆ 253 ಜನರನ್ನು ಕೇಳಬೇಕು. ಯಾರಾದರೂ ಆಗಬಹುದು ಅನ್ನುವುದಕ್ಕೂ ಇಂಥವರೇ ಆಗಬೇಕು ಅನ್ನುವುದಕ್ಕೂ ಇರುವ ಅಂತರ ಇದು. ಮೊದಲನೆಯದು ನಡೆದಾಗ ನಾವು ಎರಡನೆಯದು ನಡೆದ ಹಾಗೆ ಬೆಚ್ಚಿಬೀಳುತ್ತೇವೆ.

ನನ್ನ ಬಸ್ಸಿಗೂ ಒಂದು ಅಂದಾಜು ಹಾಕಿದೆ. ಆ ದಾರಿಯಲ್ಲಿ ತಿಂಗಳಿಗೊಮ್ಮೆಯಂತೆ 15 ವರ್ಷ ಓಡಾಡಿದ್ದೇನೆ. ಅಂದರೆ 180 ಸಲ. ಅವ್ವನ ಓರಗೆಯವರೆಲ್ಲ ಹೆಚ್ಚಾಗಿ ಅದೇ ಸುತ್ತಮುತ್ತ ಇದ್ದಾರೆ. ಪಕ್ಕದಲ್ಲಿ ಕೂರುವ 300 ಜನರಲ್ಲಿ ಒಬ್ಬರು ಅವ್ವನನ್ನು ಚಿಕ್ಕಂದಿನಿಂದ ಬಲ್ಲವರು ಅಂದುಕೊಳ್ಳೋಣ. ಹಾಗಾದರೆ ಈ 15 ವರ್ಷದಲ್ಲಿ ಒಮ್ಮೆಯಾದರೂ ಅಂಥವರು ಸಿಗುವ ಸಾಧ್ಯತೆ 100ಕ್ಕೆ 45. ಹೆಚ್ಚೂಕಡಿಮೆ ಅರ್ಧ. ಇನ್ನು ತಿಥಿಯ ಹೊತ್ತಿಗೇ ಸಿಕ್ಕಿದ್ದು? ಆ ದಾರಿಯಲ್ಲಿ ಅಂದು ನಾನು ಇದ್ದದ್ದೇ ತಿಥಿಗಾಗಿ. ಅವ್ವನ ಸೀರೆ ಉಟ್ಟದ್ದೂ ತಿಥಿಗಾಗಿ. ಮಾತು ಶುರುವಾದದ್ದು ಸೀರೆಯಿಂದ. ಬೇರೆ ಬೇರೆ ಅಂದುಕೊಂಡಿದ್ದ ಮೂರು ಅಚ್ಚರಿಗಳು ಒಂದೇ ದಾರದಲ್ಲಿ ಪೋಣಿಸಿದವು ಅಂತ ಆಗ ಹೊಳೆಯಿತು.

ಜೂನ್ 1ರ ಗುಟ್ಟು

ಹುಟ್ಟಿದ ದಿನಾಂಕ ಮಾತ್ರ ನನ್ನನ್ನು ತುಂಬಾ ಹೊತ್ತು ಕಾಡಿತು. ಇಬ್ಬರದೂ ಒಂದೇ ದಿನ ಅಂದರೆ 365ರಲ್ಲಿ ಒಂದು, ಅಲ್ವಾ? ಅಲ್ಲ. ನಮ್ಮ ಕಡೆ ಹಳೆಯ ತಲೆಮಾರಿನವರ ಶಾಲೆ ದಾಖಲೆ ತೆಗೆದು ನೋಡಿ. ಎಷ್ಟೊಂದು ಜನ ಜೂನ್ 1ಕ್ಕೆ ಹುಟ್ಟಿದ್ದಾರೆ! ಮನೆಯಲ್ಲಿ ಹುಟ್ಟಿದ ದಿನ ಯಾರೂ ಬರೆದಿಟ್ಟಿರಲಿಲ್ಲ. "ಉಗಾದಿ ಆದ ಮ್ಯಾಲ ಹುಟ್ಟಿದ್ದು", "ಬರ ಬಿದ್ದ ವರ್ಷ" ಅಂತ ಹೇಳುತ್ತಿದ್ದರು. ಶಾಲೆ ತೆರೆಯುವುದು ಜೂನ್‌ನಲ್ಲಿ. ಮೇಷ್ಟ್ರು ಮಗುವಿನ ವಯಸ್ಸು ಅಂದಾಜು ಮಾಡಿ, ಲೆಕ್ಕ ಸುಲಭ ಆಗಲಿ ಅಂತ ಜೂನ್ 1 ಬರೆದುಬಿಡುತ್ತಿದ್ದರು. ಅದಕ್ಕೇ ನಮ್ಮ ರಾಜ್ಯದಲ್ಲಿ ಮೇ 31 ಬಂದರೆ ಕಚೇರಿ ಕಚೇರಿಗಳಲ್ಲಿ ನಿವೃತ್ತಿಯ ಹಾರ ತುರಾಯಿ. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತಿ ಆಗಬೇಕು ಅನ್ನುವ ನಿಯಮ.

ಇದು ಕಾಕತಾಳೀಯದ ದೊಡ್ಡ ಪಾಠ. ಎರಡು ಸಂಗತಿ ಹೊಂದಿಕೊಂಡಾಗ ಮೊದಲು ಕೇಳಬೇಕಾದ್ದು: ಎರಡರ ಹಿಂದೆಯೂ ಒಂದೇ ಕೈ ಇದೆಯಾ? ಇಲ್ಲಿ ಇತ್ತು. ಅದು ಮೇಷ್ಟ್ರ ಕೈ.

ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. 1915ರಲ್ಲಿ ಸಿ. ಬೀಡನ್ ಅನ್ನುವ ಗಣಿ ಎಂಜಿನಿಯರ್ ರಾಯಚೂರು ಜಿಲ್ಲೆಯ ಮಸ್ಕಿ ಹತ್ತಿರ ಚಿನ್ನದ ಜಾಡು ಹುಡುಕುತ್ತಿದ್ದರು. ಆಗ ಅದು ನಿಜಾಮರ ಸೀಮೆ. ಚಿನ್ನ ಹುಡುಕುವವರ ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಅಕ್ಷರ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಅದುವರೆಗೆ ಸಿಕ್ಕ ಶಾಸನಗಳಲ್ಲೆಲ್ಲ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತ ಬಿರುದುಗಳೇ ಇದ್ದವು. ಮಸ್ಕಿಯ ಬಂಡೆಯಲ್ಲಿ 'ಅಸೋಕ' ಅನ್ನುವ ಹೆಸರೇ ಇತ್ತು. ಆ ದೇವಾನಾಂಪ್ರಿಯ ಅಶೋಕನೇ ಅಂತ ಪಕ್ಕಾ ಆಯಿತು. ಚಿನ್ನ ಹುಡುಕಲು ಹೋದವನಿಗೆ ಚಕ್ರವರ್ತಿಯ ಹೆಸರು ಸಿಕ್ಕಿತು. ಎಂಥ ಅದೃಷ್ಟ!

ಆದರೆ ಸ್ವಲ್ಪ ನಿಂತು ನಕ್ಷೆ ನೋಡಿ. ಮಸ್ಕಿ ಒಂದೇ ಅಲ್ಲ. ಕೊಪ್ಪಳದಲ್ಲಿ ಗವಿಮಠದ ಗುಡ್ಡ, ಪಲ್ಕಿಗುಂಡು. ಬಳ್ಳಾರಿ ಜಿಲ್ಲೆಯಲ್ಲಿ ನಿಟ್ಟೂರು, ಉಡೇಗೋಳಂ. ಪಾಟಲೀಪುತ್ರದಿಂದ ಇಷ್ಟು ದೂರ, ಇಷ್ಟೊಂದು ಶಾಸನ ಇಲ್ಲೇ ಯಾಕೆ? ಈ ನೆಲದಲ್ಲಿ ಚಿನ್ನ ಇದೆ. ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಾರೆ. ಮೌರ್ಯರ ದಕ್ಷಿಣದ ನೆಲೆಯ ಹೆಸರೇ ಸುವರ್ಣಗಿರಿ. ಅದು ನಮ್ಮ ಕನಕಗಿರಿಯೇ ಇರಬಹುದು, ಮಸ್ಕಿಯೇ ಇರಬಹುದು ಅಂತ ವಿದ್ವಾಂಸರು ಹೇಳಿದ್ದಾರೆ. ಮೌರ್ಯರು ಇಲ್ಲಿಗೆ ಬರಲು ಚಿನ್ನವೂ ಒಂದು ಕಾರಣ ಅನ್ನುವವರು ಇದ್ದಾರೆ. ಅದು ಸರಿಯಾದರೆ ಅಶೋಕನ ಅಧಿಕಾರಿಗಳನ್ನು ಇಲ್ಲಿಗೆ ಕರೆತಂದದ್ದೂ, ಎರಡು ಸಾವಿರಕ್ಕೂ ಹೆಚ್ಚು ವರ್ಷದ ಮೇಲೆ ಬೀಡನ್‌ರನ್ನು ಅದೇ ಬಂಡೆಯ ಹತ್ತಿರ ತಂದು ನಿಲ್ಲಿಸಿದ್ದೂ ಒಂದೇ ಚಿನ್ನ. ಈ ಯೋಚನೆ ಮೊದಲ ಸಲ ಬಂದಾಗ ನನಗೆ ಆದ ಸಂತೋಷ ಬರೀ ಅದೃಷ್ಟ ಅಂದುಕೊಂಡಾಗ ಆಗಿರಲಿಲ್ಲ.

ಒಂದೇ ಕೈಯನ್ನು ಹುಡುಕುವುದು ಕೆಲವೊಮ್ಮೆ ಜೀವದ ಪ್ರಶ್ನೆ. ಕೊಪ್ಪಳ, ರಾಯಚೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿರುವುದನ್ನು ನೋಡಿದ್ದೀರಿ. ಹಿಂದೆ ಇದನ್ನು ವಂಶದಿಂದ ಬಂದದ್ದು, ಹಣೆಬರಹ ಅಂತ ಬಿಡುತ್ತಿದ್ದರು. ಕಾರಣ ಇದ್ದದ್ದು ಬೋರ್‌ವೆಲ್ ನೀರಿನ ಫ್ಲೋರೈಡ್‌ನಲ್ಲಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕದ್ದಲ್ಲ. ಎಲ್ಲ ಮಕ್ಕಳೂ ಕುಡಿದದ್ದು ಅದೇ ನೀರು. ಇಂಥ ಕಡೆ "ಏನೋ ಹಾಗೆ ಹೊಂದಿಕೊಂಡಿದೆ" ಅಂತ ಸುಮ್ಮನಾದರೆ ತಪ್ಪು.

ದೊಡ್ಡ ಗುಂಪಿನಲ್ಲಿ ಏನೂ ನಡೆಯಬಹುದು

ಕಾರಣವೇ ಇಲ್ಲದ ಹೊಂದಾಣಿಕೆಗಳೂ ಇವೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಎವೆಲಿನ್ ಮೇರಿ ಆಡಮ್ಸ್ ಅನ್ನುವ ಮಹಿಳೆಗೆ 1985–86ರಲ್ಲಿ ನಾಲ್ಕು ತಿಂಗಳೊಳಗೆ ಎರಡು ಸಲ ಲಾಟರಿ ಹೊಡೆಯಿತು. 17 ಲಕ್ಷ ಕೋಟಿಯಲ್ಲಿ ಒಂದು ಸಾಧ್ಯತೆ ಅಂತ ಪತ್ರಿಕೆಗಳು ಬರೆದವು. ಆ ಸಂಖ್ಯೆ ಇಂಥದೇ ಒಬ್ಬರು ಇಂಥವೇ ಎರಡು ಟಿಕೆಟ್ ಕೊಂಡು ಗೆಲ್ಲುವುದಕ್ಕೆ. ಇಡೀ ಅಮೆರಿಕದಲ್ಲಿ ಲಾಟರಿ ಕೊಳ್ಳುವವರಲ್ಲಿ 'ಯಾರಾದರೂ ಒಬ್ಬರು' ನಾಲ್ಕು ತಿಂಗಳಲ್ಲಿ ಎರಡು ಸಲ ಗೆಲ್ಲುವ ಸಾಧ್ಯತೆ? ಸಂಖ್ಯಾಶಾಸ್ತ್ರಜ್ಞರು ಲೆಕ್ಕ ಹಾಕಿದರು: ಸುಮಾರು 30ರಲ್ಲಿ ಒಂದು.

ರಾಮಾನುಜನ್ ಅವರನ್ನು ಬಲ್ಲ ಕೇಂಬ್ರಿಡ್ಜ್‌ನ ಗಣಿತಜ್ಞ ಜಾನ್ ಲಿಟಲ್‌ವುಡ್ ಹೆಸರಿನಲ್ಲಿ ಒಂದು ಲೆಕ್ಕ ಇದೆ. ಎಚ್ಚರವಾಗಿ ಸುತ್ತ ಗಮನಿಸುವ ಹೊತ್ತು ದಿನಕ್ಕೆ 8 ಗಂಟೆ ಅನ್ನಿ. ಸೆಕೆಂಡಿಗೆ ಒಂದು ಸಂಗತಿ ಕಣ್ಣಿಗೋ ಕಿವಿಗೋ ಬೀಳುತ್ತದೆ ಅನ್ನಿ. 35 ದಿನಕ್ಕೆ 10 ಲಕ್ಷ ದಾಟುತ್ತದೆ. ಹಾಗಾದರೆ 10 ಲಕ್ಷಕ್ಕೊಂದು ಅನ್ನುವಷ್ಟು ಅಪರೂಪದ ಸಂಗತಿ ಸರಾಸರಿ ಹೆಚ್ಚೂಕಡಿಮೆ ತಿಂಗಳಿಗೊಂದರಂತೆ ನಮಗೆ ಎದುರಾಗುತ್ತದೆ.

ಕನಸಿನ ವಿಷಯವನ್ನೂ ಹೀಗೇ ನೋಡಬಹುದು. "ಅಜ್ಜಿ ಹೋದ ಹಾಗೆ ಕನಸು ಬಿತ್ತು, ಬೆಳಿಗ್ಗೆ ಫೋನ್ ಬಂತು." ಇಂಥ ಮಾತು ಕೇಳದ ಮನೆ ಇಲ್ಲ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಜನಸಂಖ್ಯೆ ಸುಮಾರು 13.9 ಲಕ್ಷ. ಅದರಲ್ಲಿ 1 ಲಕ್ಷ ಜನಕ್ಕೆ ವರ್ಷಕ್ಕೊಮ್ಮೆ ಮನೆಯ ಹಿರಿಯರು ತೀರಿಹೋದ ಕನಸು ಬೀಳುತ್ತದೆ ಅಂದುಕೊಳ್ಳಿ. ಅಷ್ಟು ವಯಸ್ಸಾದ 20 ಜನರಲ್ಲಿ ಒಬ್ಬರು ವರ್ಷಕ್ಕೆ ತೀರಿಕೊಳ್ಳುತ್ತಾರೆ ಅಂದುಕೊಳ್ಳಿ. ಇಂಥದೇ ದಿನ ಅನ್ನುವುದಕ್ಕೆ 7,300ರಲ್ಲಿ ಒಂದು ಸಾಧ್ಯತೆ. 1 ಲಕ್ಷ ಕನಸಿಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಹದಿಮೂರು ಹದಿನಾಲ್ಕು ಜನಕ್ಕೆ ಕನಸು ಬಿದ್ದ ದಿನವೇ ಸುದ್ದಿ ಬರುತ್ತದೆ, ಬೇರೆ ಯಾವ ಕಾರಣವೂ ಇಲ್ಲದೆ. ಹಿರಿಯರು ಹಾಸಿಗೆ ಹಿಡಿದಾಗಲೇ ಅಂಥ ಕನಸು ಜಾಸ್ತಿ ಬೀಳುವುದರಿಂದ ನಿಜವಾದ ಸಂಖ್ಯೆ ಇನ್ನೂ ಹೆಚ್ಚಿರಬೇಕು. ಉಳಿದ ಸುಮಾರು 99,986 ಕನಸುಗಳನ್ನು ಬೆಳಿಗ್ಗೆ ಮುಖ ತೊಳೆಯುವ ಹೊತ್ತಿಗೇ ಮರೆತಿರುತ್ತೇವೆ.

ನೆನೆದಾಗಲೇ ಬಾಗಿಲಿಗೆ ಬಂದವರಿಗೆ "ನೂರು ವರ್ಷ ಆಯಸ್ಸು ನಿಮಗೆ" ಅನ್ನುತ್ತೇವಲ್ಲ, ಅದೂ ಹೀಗೇ. ನೆನೆದರೂ ಬಾರದವರ ಲೆಕ್ಕ ಇಡುವವರು ಯಾರು? ಆ ಮಾತಿನಿಂದ ಯಾರಿಗೂ ಕೇಡಿಲ್ಲ. ಬಂದವರಿಗೆ ಖುಷಿ. ಅದು ಹಾಗೇ ಇರಲಿ.

ಕಾಲ್ಗುಣ ಅನ್ನುವ ಕ್ರೂರ ಲೆಕ್ಕ

ಕೇಡಾಗುವ ಕಡೆ ಮಾತ್ರ ನಾನು ಬಿಡುವುದಿಲ್ಲ. ನಮ್ಮ ಸೋದರತ್ತೆಯನ್ನು ರಾಯಚೂರು ಜಿಲ್ಲೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಮದುವೆಯಾದ ಎರಡು ತಿಂಗಳಿಗೆ ಆ ಮನೆಯ ಎತ್ತು ಸತ್ತಿತು. ಮುಂದಿನ ತಿಂಗಳು ಮಾವನವರು ಕಟ್ಟೆಯಿಂದ ಬಿದ್ದು ಸೊಂಟ ಮುರಿದುಕೊಂಡರು. "ಹೊಸ ಸೊಸಿ ಕಾಲ್ಗುಣ ಛಲೋ ಇಲ್ಲ" ಅಂದರು. ಅಷ್ಟೇ. ಆಮೇಲೆ ಬಿತ್ತನೆಗೆ ಹೊರಟ ಕೂರಿಗೆಯ ಮುಂದೆ ಅವರು ಬರುವ ಹಾಗಿಲ್ಲ. ಬಸುರಿಯ ಸೀಮಂತಕ್ಕೆ ಕುಂಕುಮ ಹಚ್ಚುವ ಹಾಗಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ. ನಲವತ್ತು ವರ್ಷ ಹಾಗೇ ಬಾಳಿದರು.

ಈ ಲೆಕ್ಕವನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ, ಅತ್ತೆಯ ಹೆಸರು ಹೇಳದೆ. ಹನ್ನೊಂದು ಜನರ ಮನೆ. ಎರಡು ಎತ್ತು, ಮೂರು ಹಸು, ಮಳೆ ನಂಬಿದ ಹೊಲ. ಅಂಥ ಮನೆಯಲ್ಲಿ ಕಾಯಿಲೆ, ಸಾವು, ದನ ಸಾಯುವುದು, ಬೆಳೆ ಹೋಗುವುದು, ಸಾಲದ ಜಗಳ, ಎಲ್ಲ ಸೇರಿ ವರ್ಷಕ್ಕೆ ನಾಲ್ಕು ಕೆಟ್ಟದ್ದು ನಡೆಯುತ್ತವೆ ಅಂದುಕೊಳ್ಳೋಣ. ಯಾವ ರೈತನನ್ನು ಬೇಕಾದರೂ ಕೇಳಿ, ಇದು ಕಡಿಮೆಯೇ. ಹಾಗಾದರೆ ಸರಾಸರಿ ಮೂರು ತಿಂಗಳಿಗೊಂದು. ಅವು ಹೇಳಿಕೇಳಿ ಸರದಿಯಲ್ಲಿ ಬರುವುದಿಲ್ಲ. ಯಾವುದೇ ಮೂರು ತಿಂಗಳು ತೆಗೆದುಕೊಂಡರೂ ಏನೂ ಕೆಡದೆ ಹೋಗುವ ಸಾಧ್ಯತೆ 100ಕ್ಕೆ 37. ಅಂದರೆ ಆ ಮನೆಗೆ ಯಾವ ಹುಡುಗಿ ಬಂದರೂ, ಮೊದಲ ಮೂರು ತಿಂಗಳಲ್ಲಿ ಏನಾದರೂ ಕೆಡುವ ಸಾಧ್ಯತೆ 63. ಒಂದು ವರ್ಷ ನೋಡಿದರೆ 98. ಕೆಟ್ಟ ಕಾಲ್ಗುಣದ ಪಟ್ಟ ಮೊದಲೇ ಕಟ್ಟಿಟ್ಟಿದೆ. ಹುಡುಗಿ ಬರುವುದಷ್ಟೇ ಬಾಕಿ.

ಆಮೇಲೆ ಬೋರ್ಡಿನ ಮೇಲೆ ನಾಲ್ಕು ಮನೆ ಬರೆಯುತ್ತೇನೆ, ಚೌಕಾಬಾರದ ಮನೆಗಳ ಹಾಗೆ. ಒಂದರಲ್ಲಿ: ಸೊಸೆ ಬಂದಳು, ಕೆಟ್ಟದ್ದಾಯಿತು. ಎರಡನೆಯದರಲ್ಲಿ: ಸೊಸೆ ಬಂದಳು, ಏನೂ ಆಗಲಿಲ್ಲ. ಮೂರನೆಯದು: ಸೊಸೆ ಬಂದಿರಲಿಲ್ಲ, ಆದರೂ ಕೆಟ್ಟದ್ದಾಗಿತ್ತು. ನಾಲ್ಕು: ಸೊಸೆಯೂ ಬಂದಿರಲಿಲ್ಲ, ಏನೂ ಆಗಿರಲಿಲ್ಲ. ನಾಲ್ಕೂ ಮನೆ ತುಂಬಿಸಿ ಹೋಲಿಸಿದಾಗ ಮಾತ್ರ ನಂಟು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಊರು ನೆನಪಿಡುವುದು ಮೊದಲನೆಯ ಮನೆ ಒಂದನ್ನೇ. ಅತ್ತೆ ಬರುವ ಹಿಂದಿನ ವರ್ಷ ಅದೇ ಮನೆಯಲ್ಲಿ ಎರಡು ಹಸು ಸತ್ತಿದ್ದವು. ಅದಕ್ಕೆ ಯಾರ ಕಾಲನ್ನೂ ಯಾರೂ ನೋಡಿರಲಿಲ್ಲ. ಹಲ್ಲಿ ಲೊಚಗುಟ್ಟಿದ್ದಕ್ಕೂ, ಬೆಕ್ಕು ಅಡ್ಡ ಬಂದದ್ದಕ್ಕೂ ಇವೇ ನಾಲ್ಕು ಮನೆ ಸಾಕು.

"ಹಾಗಾದ್ರೆ ಎತ್ತು, ಮಾವ, ಒಂದರ ಹಿಂದೊಂದು ಯಾಕಾಯ್ತು ಟೀಚರ್?" ಅಂತ ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಒಂದು ಹಿಡಿ ಜೋಳ ತಂದು ಚೌಕ ಚೌಕವಾದ ನೆಲದ ಮೇಲೆ ಎರಚಿ ನೋಡಿ ಅಂದೆ. ಒಂದೊಂದು ಚೌಕಕ್ಕೆ ಒಂದೊಂದೇ ಕಾಳು ಬೀಳುವುದಿಲ್ಲ. ಕೆಲವು ಖಾಲಿ, ಕೆಲವದರಲ್ಲಿ ಮೂರು, ನಾಲ್ಕು. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಜರ್ಮನಿಯ ಹಾರುವ ಬಾಂಬುಗಳು ಬಿದ್ದಾಗ ಕೆಲವು ಬಡಾವಣೆಗಳಿಗೇ ಗುರಿ ಇಟ್ಟಿದ್ದಾರೆ ಅಂತ ಜನ ನಂಬಿದರು. ಆರ್. ಡಿ. ಕ್ಲಾರ್ಕ್ ಅನ್ನುವವರು ದಕ್ಷಿಣ ಲಂಡನ್ನಿನ ನಕ್ಷೆಯನ್ನು 576 ಚೌಕ ಮಾಡಿ ಎಣಿಸಿದರು. ಬಿದ್ದ ಬಾಂಬು 537. ಕಣ್ಣು ಮುಚ್ಚಿ ಎರಚಿದ್ದರೆ ಸುಮಾರು 227 ಚೌಕ ಖಾಲಿ ಉಳಿಯಬೇಕಿತ್ತು. ಉಳಿದದ್ದು 229. ಎರಡು ಬಾಂಬು ಬಿದ್ದ ಚೌಕ 93, ಮೂರು ಬಿದ್ದದ್ದು 35. ಗುರಿ ಇರಲಿಲ್ಲ, ಆದರೂ ಗುಂಪು ಗುಂಪಾಗಿ ಬಿದ್ದಿದ್ದವು. ಕಷ್ಟಗಳೂ ಹಾಗೆ. ಜೊತೆಯಾಗಿ ಬಂದವು ಅಂದ ಮಾತ್ರಕ್ಕೆ ಯಾರೋ ಕರೆತಂದರು ಅಂತ ಅರ್ಥ ಅಲ್ಲ.

ಫ್ಲೋರೈಡ್ ನೀರಿನ ಊರೂ ಗುಂಪೇ, ಲಂಡನ್ನಿನ ಚೌಕವೂ ಗುಂಪೇ. ಯಾವುದು ಯಾವುದು ಅಂತ ಬರೀ ನೋಡಿ ಹೇಳಲಾಗದು. ಎಣಿಸಬೇಕು, ಪಕ್ಕದೂರಿನ ಜೊತೆ ಹೋಲಿಸಬೇಕು, ನೀರು ಪರೀಕ್ಷೆ ಮಾಡಿಸಬೇಕು.

ಹಾಗಾದರೆ ಅರ್ಥ ಎಲ್ಲಿದೆ?

ಮನಸ್ಸಿನ ವೈದ್ಯ ಕಾರ್ಲ್ ಯೂಂಗ್ ಹೇಳಿದ ಒಂದು ಪ್ರಸಂಗ ಇದೆ. ಅವರ ಬಳಿ ಬರುತ್ತಿದ್ದ ಒಬ್ಬ ಮಹಿಳೆ ಬಲು ಬುದ್ಧಿವಂತೆ. ಯಾವ ಮಾತಿಗೂ ಕರಗುವವಳಲ್ಲ. ಒಂದು ದಿನ ಅವಳು ಕನಸಿನಲ್ಲಿ ಯಾರೋ ತನಗೆ ಚಿನ್ನದ ದುಂಬಿಯ ಒಡವೆ ಕೊಟ್ಟರು ಅಂತ ಹೇಳುತ್ತಿದ್ದಳು. ಆಗ ಕಿಟಕಿಯ ಗಾಜಿಗೆ ಟಕ್ ಟಕ್ ಅಂತ ಸದ್ದು. ಯೂಂಗ್ ಕಿಟಕಿ ತೆರೆದರು. ಹೊಂಬಣ್ಣದ ದುಂಬಿಯೊಂದು ಒಳಗೆ ಹಾರಿ ಬಂತು. ಅದನ್ನು ಹಿಡಿದು, "ಇದೋ ನಿಮ್ಮ ದುಂಬಿ" ಅಂತ ಅವಳ ಕೈಗೆ ಕೊಟ್ಟರು. ಅಲ್ಲಿಂದ ಅವಳ ಬಿಗಿ ಸಡಿಲವಾಯಿತು ಅಂತ ಬರೆದಿದ್ದಾರೆ. ಕಾರಣ ಇಲ್ಲದೆಯೂ ಅರ್ಥದಿಂದ ಸಂಗತಿಗಳು ಹೆಣೆದುಕೊಳ್ಳುತ್ತವೆ ಅನ್ನುವ ಅವರ ವಿಚಾರ 1952ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ಭೌತವಿಜ್ಞಾನಿ ವೂಲ್ಫ್‌ಗಾಂಗ್ ಪೌಲಿ ಅವರ ಬರಹವೂ ಇತ್ತು.

ಲೋಕದಲ್ಲಿ ಅಂಥದ್ದೊಂದು ನಿಯಮ ಇದೆ ಅನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ. ನಾನದನ್ನು ಒಪ್ಪುವುದಿಲ್ಲ. ಆದರೆ ಆ ಕೋಣೆಯಲ್ಲಿ ನಡೆದದ್ದು ನನಗೆ ತುಂಬಾ ಇಷ್ಟ. ದುಂಬಿ ತನ್ನ ಪಾಡಿಗೆ ಬಂತು. ಎದ್ದು ಕಿಟಕಿ ತೆರೆದು ಅದನ್ನು ಹಿಡಿದು ಕೊಟ್ಟವರು ಯೂಂಗ್. ಬಂಡೆ ತನ್ನ ಪಾಡಿಗಿತ್ತು. ನಿಂತು ನೋಡಿದವರು ಬೀಡನ್, ಕೂತು ಓದಿದವರು ಕೃಷ್ಣಶಾಸ್ತ್ರಿ. ಬಸ್ಸಿನಲ್ಲಿ ಸೀರೆ ಮುಟ್ಟಿ ಊರು ಕೇಳಿದವರು ಆ ತಾಯಿ. ಅವರು ಕೇಳದೆ ಹೋಗಿದ್ದರೆ ಕಾರಟಗಿ ಬರುವವರೆಗೆ ಇಬ್ಬರೂ ಕಿಟಕಿಯಾಚೆ ಗದ್ದೆ ನೋಡುತ್ತಾ ಕೂತಿರುತ್ತಿದ್ದೆವು, ಅಷ್ಟೇ. ಅರ್ಥವನ್ನು ನಾವೇ ಮಾಡುತ್ತೇವೆ ಅಂದರೆ ಅದು ಸುಳ್ಳು ಅರ್ಥ ಅಂತ ಆಗುವುದಿಲ್ಲ. ರೊಟ್ಟಿಯನ್ನೂ ನಾವೇ ಬಡಿಯುತ್ತೇವೆ. ಅದು ಹೊಟ್ಟೆ ತುಂಬಿಸುತ್ತದೆ.

ಅದಕ್ಕೇ ಮಾವನ ಮಾತಿಗೆ ನಾನು ಎದುರು ಆಡಲಿಲ್ಲ. ತಂಗಿಯನ್ನು ಕಳೆದುಕೊಂಡ ಅಣ್ಣನ ಮಾತು ಅದು. 100ಕ್ಕೆ 45 ಅಂತ ಅವರಿಗೆ ಹೇಳಿ ನನಗೆ ಆಗಬೇಕಾದ್ದು ಏನೂ ಇರಲಿಲ್ಲ. ಅತ್ತೆಯ ಮನೆಯವರಿಗೆ ಮಾತ್ರ ಆ ನಾಲ್ಕು ಮನೆಯ ಲೆಕ್ಕ ಹೇಳಿದ್ದೇನೆ, ತಡವಾಗಿಯಾದರೂ. ಹೋದ ಸಲ ಆ ಮನೆಯ ಮೊಮ್ಮಗಳ ಸೀಮಂತದಲ್ಲಿ ಮೊದಲ ಕುಂಕುಮ ಅತ್ತೆಯೇ ಹಚ್ಚಿದರು.

ಬಸ್ಸಿಳಿಯುವ ಮುಂಚೆ ಆ ತಾಯಿಯ ಫೋನ್ ನಂಬರ್ ತೆಗೆದುಕೊಂಡಿದ್ದೆ. ಈಗ ಅವರನ್ನು ದೊಡ್ಡವ್ವ ಅನ್ನುತ್ತೇನೆ. ತಿಥಿಯಾದ ವಾರಕ್ಕೆ ಫೋನ್ ಮಾಡಿ ಜೂನ್ 1ರ ವಿಷಯ ಕೇಳಿದೆ. ನಕ್ಕುಬಿಟ್ಟರು. ಇಬ್ಬರನ್ನೂ ಒಂದೇ ದಿನ ಶಾಲೆಗೆ ಸೇರಿಸಿದ್ದಂತೆ. ಆಗ ವಯಸ್ಸು ನೋಡುತ್ತಿದ್ದದ್ದು ತಲೆಯ ಮೇಲಿಂದ ಕೈ ಹಾಕಿ ಆಚೆಯ ಕಿವಿ ಮುಟ್ಟಿಸಿ. ಮುಟ್ಟಿದರೆ ಸೇರಿಸಿಕೊಳ್ಳುತ್ತಾರೆ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ದೊಡ್ಡವ್ವನ ಕೈ ಮುಟ್ಟಿತು. ಅವ್ವ ಒಂದು ವರ್ಷ ಚಿಕ್ಕವಳು, ಮುಟ್ಟಲಿಲ್ಲ. ಗೆಳತಿಯ ಕಡೆ ನೋಡಿದಳಂತೆ. ಆಮೇಲೆ ಮೆಲ್ಲಗೆ ಕತ್ತು ವಾರೆ ಮಾಡಿ ಕಿವಿಯನ್ನೇ ಬೆರಳಿನ ಹತ್ತಿರ ತಂದಳಂತೆ. ಮೇಷ್ಟ್ರು ಅದನ್ನು ನೋಡಿದರು, ಏನೂ ಅನ್ನಲಿಲ್ಲ. ಪುಸ್ತಕ ತೆಗೆದು ಇಬ್ಬರ ಹೆಸರನ್ನೂ ಒಂದರ ಕೆಳಗೊಂದು ಬರೆದು, ಎರಡಕ್ಕೂ ಒಂದೇ ತಾರೀಖು ಹಾಕಿದರಂತೆ.